ವಿದೇಶಿ ಆರ್ಡರ್ ನಿಂತು ಕೆಲಸ ಹೋದಾಗ: ಪರಿಹಾರ, ಇಎಸ್‌ಐ ಭತ್ಯೆ, ಪಿಎಫ್ – ಯಾವುದನ್ನು ಮೊದಲು ಹಿಡಿಯಬೇಕು?

2025ರ ಆಗಸ್ಟ್ 27ರಂದು ಭಾರತದ ಸರಕುಗಳ ಮೇಲೆ ಅಮೆರಿಕ ಹೇರಿದ ಶೇ 50ರ ಸುಂಕ ಜಾರಿಗೆ ಬಂತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ಮದ್ದೂರಿನ ಗಾರ್ಮೆಂಟ್ಸ್ ಕಾರ್ಮಿಕರಿಗೆ ಅದರ ಅರ್ಥ ಒಂದೇ: ಹೊರದೇಶದ ಆರ್ಡರ್ ಮೇಲೆ ನಿಂತ ಲೈನುಗಳು ಯಾವಾಗ ಬೇಕಾದರೂ ಬರಿದಾಗಬಹುದು. ಸುಂಕ ಏರಬಹುದು, ಇಳಿಯಬಹುದು, ಖರೀದಿದಾರರು ಬಾಂಗ್ಲಾದೇಶಕ್ಕೋ ವಿಯೆಟ್ನಾಮಿಗೋ ಹೋಗಬಹುದು. ಟೈಲರ್, ಹೆಲ್ಪರ್, ಚೆಕಿಂಗ್‌ನವರ ಮುಂದೆ ಬರುವುದು ಮಾತ್ರ ಅದೇ ಹಳೆಯ ಮಾತು: ‘ರಾಜೀನಾಮೆ ಬರೆದುಕೊಡಿ, ಲೆಕ್ಕ ಚುಕ್ತಾ ಮಾಡ್ತೀವಿ.’ ಸಹಿ ಹಾಕಬೇಕೇ? ಪಿಎಫ್ (ಭವಿಷ್ಯ ನಿಧಿ) ತೆಗೆಯಬೇಕೇ? ಇಎಸ್‌ಐನಿಂದ (ಕಾರ್ಮಿಕರ ರಾಜ್ಯ ವಿಮೆ) ನಿರುದ್ಯೋಗ ಭತ್ಯೆ ಸಿಗುತ್ತದಂತೆ, ನಿಜವೇ? ಊರಿಗೆ ಹೋಗಿ ಹೊಲಿಗೆ ಯಂತ್ರ ಇಡಬೇಕೇ? ಇವುಗಳನ್ನು ಒಂದಕ್ಕೊಂದು ತೂಗಿ ನೋಡಲು ಈ ಬರಹ.

ವಿದೇಶಿ ವ್ಯಾಪಾರದಿಂದ ಕೆಲಸ ಕಳೆದುಕೊಂಡವರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಯೋಜನೆ ಇಲ್ಲ. ಅಮೆರಿಕದಲ್ಲಿ 1962ರಿಂದ ಇತ್ತು. ಆಮದಿನಿಂದ ಕೆಲಸ ಹೋಯಿತೆಂದು ಸಾಬೀತಾದರೆ ತರಬೇತಿ, ಆ ಅವಧಿಗೆ ಭತ್ಯೆ, 50 ದಾಟಿದವರು ಕಡಿಮೆ ಸಂಬಳದ ಕೆಲಸಕ್ಕೆ ಸೇರಿದರೆ ಸಂಬಳದ ವ್ಯತ್ಯಾಸದಲ್ಲಿ ಒಂದು ಪಾಲು ಸಿಗುತ್ತಿತ್ತು. 1981ರಲ್ಲಿ ರೇಗನ್ ಸರ್ಕಾರ ಅದರ ಹಣವನ್ನು ಬಲವಾಗಿ ಕತ್ತರಿಸಿತು. 2022ರ ಜುಲೈ 1ರಂದು ಕಾನೂನಿನ ಅವಧಿ ಮುಗಿಯಿತು, ಸಂಸತ್ತು ನವೀಕರಿಸಲಿಲ್ಲ, ಹೊಸ ಅರ್ಜಿಗಳ ವಿಲೇವಾರಿ ನಿಂತಿತು. ಯುರೋಪಿನಲ್ಲಿ ಇದೇ ಉದ್ದೇಶದ ನಿಧಿ 2007ರಲ್ಲಿ ವರ್ಷಕ್ಕೆ 50 ಕೋಟಿ ಯೂರೊ ಮಿತಿಯೊಂದಿಗೆ ಶುರುವಾಯಿತು. 2014ರಿಂದ ಆ ಮಿತಿ 15 ಕೋಟಿಗೆ ಇಳಿಯಿತು, 2024ರ ಬಜೆಟ್ ಪರಿಷ್ಕರಣೆಯಲ್ಲಿ ಇನ್ನೂ ಕೆಳಗೆ ಬಂತು. ದೂರದ ಈ ಸಂಗತಿ ಇಲ್ಲಿ ಯಾಕೆ ಬೇಕೆಂದರೆ, ಬಜೆಟ್ಟಿನ ಹಣದ ಮೇಲೆ ನಿಂತ ನೆರವು ಶ್ರೀಮಂತ ದೇಶಗಳಲ್ಲೂ ಬೇಕಾದ ಹೊತ್ತಿಗೆ ಇಲ್ಲದೆ ಹೋಗಬಹುದು. ನಮ್ಮಲ್ಲಿ ಆಯ್ಕೆ ಮಾಡುವಾಗ ಮೊದಲ ಅಳತೆಗೋಲು ಇದೇ.

ಯಾವ ಅಳತೆಯಲ್ಲಿ ತೂಗಬೇಕು

ಮೊದಲು, ಈ ಹಣ ಎಲ್ಲಿಂದ ಬರುತ್ತದೆ? ಮಾಲೀಕರು ಕಾನೂನಿನ ಪ್ರಕಾರ ಕೊಡಲೇಬೇಕಾದದ್ದು, ನಿಮ್ಮದೇ ವಂತಿಗೆಯಿಂದ ಕಟ್ಟಿದ ನಿಧಿಯದ್ದು, ಸರ್ಕಾರ ಬಜೆಟ್ಟಿನಲ್ಲಿ ಇಟ್ಟದ್ದು – ಈ ಮೂರರ ಭದ್ರತೆ ಬೇರೆ ಬೇರೆ. ಎರಡನೆಯದು, ಎಷ್ಟು ದಿನಕ್ಕೆ ಕೈಸೇರುತ್ತದೆ, ಎಷ್ಟು ತಿಂಗಳು ಬರುತ್ತದೆ. ಮನೆ ಬಾಡಿಗೆ ಮತ್ತು ಸಂಘದ ಕಂತು ಮುಂದಿನ ವಾರವೇ ಬರುತ್ತವೆ, ಭತ್ಯೆ ತಿಂಗಳು ಕಳೆದ ಮೇಲೆ ಬರುತ್ತದೆ. ಮೂರನೆಯದು, ಯಾವ ಕಾಗದ ಬೇಕು. ನಾಲ್ಕನೆಯದು, ಒಂದನ್ನು ತೆಗೆದುಕೊಂಡರೆ ಇನ್ನೊಂದು ತಪ್ಪುತ್ತದೆಯೇ.

ಇವುಗಳಲ್ಲಿ ಹೆಚ್ಚು ಜನ ಎಡವುವುದು ಮೂರನೆಯದರಲ್ಲಿ. ಫ್ಯಾಕ್ಟರಿಯಿಂದ ನೀವು ಯಾವ ಕಾಗದ ಹಿಡಿದು ಹೊರಬಂದಿರಿ ಎಂಬುದೇ ಮುಂದಿನ ಎಲ್ಲ ಬಾಗಿಲುಗಳನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ.

ರಾಜೀನಾಮೆಯೋ, ರಿಟ್ರೆಂಚ್‌ಮೆಂಟೋ

ಕೆಲಸವಿಲ್ಲ ಎಂಬ ಕಾರಣಕ್ಕೆ ಮಾಲೀಕರೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ವರ್ಷಕ್ಕೆ 240 ದಿನ ಕೆಲಸ ಮಾಡಿದವರಿಗೆ ಒಂದು ತಿಂಗಳ ಮುಂಚಿತ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದಿತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಹೊಸ ಸಂಹಿತೆ ಇನ್ನೊಂದನ್ನು ಸೇರಿಸಿದೆ: ತೆಗೆದ ಪ್ರತಿ ಕಾರ್ಮಿಕರಿಗಾಗಿ ಮಾಲೀಕರು 15 ದಿನದ ಸಂಬಳವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು. 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಾದರೆ ಸರ್ಕಾರದ ಅನುಮತಿಯೂ ಬೇಕು, ನೋಟಿಸ್ ಮೂರು ತಿಂಗಳದ್ದಾಗುತ್ತದೆ. ಮೊದಲು ಈ ಮಿತಿ 100 ಇತ್ತು. ಅದನ್ನು 300ಕ್ಕೆ ಏರಿಸಿದ್ದರಿಂದ ಮಧ್ಯಮ ಗಾತ್ರದ ಘಟಕಗಳ ಕಾರ್ಮಿಕರು ಒಂದು ದೊಡ್ಡ ರಕ್ಷಣೆ ಕಳೆದುಕೊಂಡರು.

ದೊಡ್ಡ ಘಟಕಗಳಲ್ಲಿ ರಾಜೀನಾಮೆಗೆ ಒತ್ತಾಯ ಬರುವುದರ ಹಿಂದಿನ ಲೆಕ್ಕ ಇದರಿಂದ ಅರ್ಥವಾಗುತ್ತದೆ. ರಾಜೀನಾಮೆ ಬಂದರೆ ಅನುಮತಿ ಬೇಡ, ನೋಟಿಸ್ ಬೇಡ, ಪರಿಹಾರವೂ ಬೇಡ.

ಅಂಕಿಯಲ್ಲಿ ನೋಡೋಣ. ತಿಂಗಳಿಗೆ 13,000 ರೂಪಾಯಿ ಸಂಬಳ, 7 ವರ್ಷ ಪೂರ್ಣ ಸೇವೆ, ಫ್ಯಾಕ್ಟರಿಯಲ್ಲಿ 300ಕ್ಕಿಂತ ಕಡಿಮೆ ಜನ ಎಂದಿಟ್ಟುಕೊಳ್ಳಿ. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಮಾಲೀಕರು ಕೊಡುವ ಹಣ) 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500, ಏಳು ವರ್ಷಕ್ಕೆ 52,500. ಐದು ವರ್ಷ ತುಂಬಿದ್ದರೆ ಇದು ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದರೂ ಬರುತ್ತದೆ. ಹಾಗಾಗಿ ‘ಗ್ರಾಚ್ಯುಟಿ ಕೊಡ್ತೀವಿ, ಸಹಿ ಹಾಕಿ’ ಎಂಬುದು ಕೊಡುಗೆಯಲ್ಲ, ಅದು ಮೊದಲೇ ನಿಮ್ಮದು. ರಿಟ್ರೆಂಚ್‌ಮೆಂಟ್ ಆದರೆ ಇದರ ಮೇಲೆ ನೋಟಿಸ್ ಸಂಬಳ 13,000, ಪರಿಹಾರ ಸುಮಾರು 45,500, ಮರುಕೌಶಲ ನಿಧಿಯಿಂದ ಸುಮಾರು 6,500 – ಒಟ್ಟು 65,000 ಹೆಚ್ಚು. ಮುಂದೆ ಹೇಳುವ ಇಎಸ್‌ಐ ಭತ್ಯೆ ಪೂರ್ತಿ ಅವಧಿಗೆ ಸಿಕ್ಕರೆ ಇನ್ನೂ 1,17,000.

ಅಂದರೆ ಗ್ರಾಚ್ಯುಟಿ ಬಿಟ್ಟು ಮೇಲೆ ಎಷ್ಟು ಕೊಡುತ್ತಾರೆ ಎಂಬುದೇ ಕೇಳಬೇಕಾದ ಪ್ರಶ್ನೆ. 65,000ಕ್ಕಿಂತ ಕಡಿಮೆ ಹೇಳಿದರೆ ರಾಜೀನಾಮೆ ಯಾರಿಗೂ ಲಾಭದ್ದಲ್ಲ. ಅದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು, ನಿಮಗೆ ಪಕ್ಕದ ಬೀದಿಯ ಫ್ಯಾಕ್ಟರಿಯಲ್ಲಿ ಮುಂದಿನ ವಾರವೇ ಕೆಲಸ ಸಿಗುವಂತಿದ್ದರೆ ಒಪ್ಪುವುದರಲ್ಲಿ ಅರ್ಥವಿದೆ. ಏಕೆಂದರೆ ಹೊಸ ಕೆಲಸ ಸಿಕ್ಕ ದಿನವೇ ಇಎಸ್‌ಐ ಭತ್ಯೆ ನಿಲ್ಲುತ್ತದೆ. ವಯಸ್ಸು 45 ದಾಟಿದೆ, ಕಣ್ಣು ಮಂಜಾಗಿದೆ, ಟಾರ್ಗೆಟ್ ಮುಟ್ಟುವುದು ಕಷ್ಟ ಎನ್ನುವವರು ಕೆಲವು ಸಾವಿರಕ್ಕಾಗಿ ರಾಜೀನಾಮೆ ಬರೆದರೆ ಕಳೆದುಕೊಳ್ಳುವುದು ಬಹಳ.

ಎರಡು ಅಡೆತಡೆಗಳನ್ನು ಮೊದಲೇ ನೋಡಿಕೊಳ್ಳಿ. ನಡುವೆ ಒಮ್ಮೆ ರಾಜೀನಾಮೆ ಬರೆಸಿ, ಹೊಸ ಟೋಕನ್ ನಂಬರಿನಲ್ಲಿ ಮತ್ತೆ ಸೇರಿಸಿಕೊಂಡಿದ್ದರೆ ಸೇವೆ ಅಲ್ಲಿಂದ ಎಣಿಕೆಯಾಗುತ್ತದೆ. ಪಿಎಫ್ ಪಾಸ್‌ಬುಕ್ಕಿನಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ ನೋಡಿದರೆ ತಿಳಿಯುತ್ತದೆ. ನಿಗದಿತ ಅವಧಿಯ ಗುತ್ತಿಗೆಯಲ್ಲಿದ್ದವರಿಗೆ ಅವಧಿ ಮುಗಿದು ಕೆಲಸ ಹೋದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ. ಆದರೆ ಹೊಸ ಸಂಹಿತೆಯಲ್ಲಿ ಅವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಹಕ್ಕಿದೆ.

ಲೇ ಆಫ್ ಮತ್ತು ದೂರದ ವರ್ಗಾವಣೆ

ತೆಗೆಯದೆ, ಕೆಲಸವನ್ನೂ ಕೊಡದೆ ಕೂರಿಸಿದರೆ ಅದು ಲೇ ಆಫ್. 50 ಅಥವಾ ಹೆಚ್ಚು ಜನರ ಕಾರ್ಖಾನೆಯಲ್ಲಿ ಒಂದು ವರ್ಷ ಸೇವೆಯಾಗಿದ್ದರೆ 45 ದಿನದವರೆಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗುತ್ತದೆ. ಆದರೆ ಕೆಲಸದ ಹೊತ್ತಿಗೆ ಗೇಟಿಗೆ ಹೋಗಿ ಹಾಜರಾತಿ ಹಾಕಿಸಬೇಕು. ‘ಕೆಲಸ ಇಲ್ವಲ್ಲ’ ಎಂದು ಊರಿಗೆ ಹೋದರೆ ಅರ್ಧ ಸಂಬಳವೂ ಹೋಗುತ್ತದೆ. ಆರ್ಡರ್ ಮತ್ತೆ ಬರುವ ಸೂಚನೆ ಇದ್ದರೆ ಲೇ ಆಫ್ ಒಳ್ಳೆಯದು: ಸೇವೆ ಮುರಿಯುವುದಿಲ್ಲ, ಗ್ರಾಚ್ಯುಟಿಗೆ ವರ್ಷ ಸೇರುತ್ತದೆ.

ವರ್ಗಾವಣೆ ಬೇರೆ ಮಾತು. ಬೆಂಗಳೂರಿನ ಘಟಕ ಮುಚ್ಚಿ ಯಂತ್ರಗಳನ್ನು ಬೇರೆ ಜಿಲ್ಲೆಗೆ ಸಾಗಿಸಿ ‘ಅಲ್ಲಿಗೆ ಬನ್ನಿ’ ಎನ್ನುತ್ತಾರೆ. ಹೋಗದವರನ್ನು ‘ತಾವಾಗಿಯೇ ಕೆಲಸ ಬಿಟ್ಟವರು’ ಎಂದು ಬರೆದುಕೊಂಡರೆ ಪರಿಹಾರ, ಭತ್ಯೆ ಎರಡೂ ಕೈತಪ್ಪುತ್ತವೆ. ಬಾಯಿಮಾತಿನ ವರ್ಗಾವಣೆಯನ್ನು ಒಪ್ಪಬೇಡಿ, ಆದೇಶ ಬರಹದಲ್ಲಿ ಕೇಳಿ. ಬಂದರೆ, ಹೋಗಲಾಗದ ಕಾರಣವನ್ನೂ ಇಲ್ಲೇ ಕೆಲಸ ಮಾಡಲು ಸಿದ್ಧ ಎಂಬುದನ್ನೂ ಬರೆದು ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಶಕ್ತಿ ಯೋಜನೆಯ ಉಚಿತ ಬಸ್ಸಿನಿಂದ ಮಹಿಳೆಯರಿಗೆ ಒಂದು ಗಂಟೆ ದೂರದ ಘಟಕವೂ ಖರ್ಚಿನ ಲೆಕ್ಕದಲ್ಲಿ ಸಾಧ್ಯವಾಗಿದೆ, ಅದನ್ನೂ ತೂಗಿ ನೋಡಿ.

ಇಎಸ್‌ಐನ ಎರಡು ಭತ್ಯೆಗಳು

ತಿಂಗಳ ಸಂಬಳ 21,000 ರೂಪಾಯಿವರೆಗಿನವರಿಗೆ ಇಎಸ್‌ಐ ಇದೆ. ಸಂಬಳದಿಂದ ಶೇ 0.75 ಕಡಿತವಾಗುತ್ತದೆ, ಮಾಲೀಕರು ಶೇ 3.25 ಕಟ್ಟುತ್ತಾರೆ. ಆಸ್ಪತ್ರೆಗೆ ಮಾತ್ರ ಎಂದುಕೊಂಡವರೇ ಹೆಚ್ಚು; ನಿರುದ್ಯೋಗಕ್ಕೂ ಎರಡು ಯೋಜನೆಗಳಿವೆ.

ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ 2005ರ ಏಪ್ರಿಲ್ 1ರಿಂದ ಇದೆ. ಕನಿಷ್ಠ 2 ವರ್ಷ ವಂತಿಗೆ ಕಟ್ಟಿದ್ದು, ರಿಟ್ರೆಂಚ್‌ಮೆಂಟ್ ಅಥವಾ ಕಾರ್ಖಾನೆ ಮುಚ್ಚಿದ್ದರಿಂದ ಕೆಲಸ ಹೋಗಿದ್ದರೆ ಒಟ್ಟು 24 ತಿಂಗಳವರೆಗೆ ಭತ್ಯೆ ಸಿಗುತ್ತದೆ: ಮೊದಲ 12 ತಿಂಗಳು ಸಂಬಳದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 6,500, ಎರಡನೆಯ ವರ್ಷ 3,250, ಒಟ್ಟು 1,17,000. ಭತ್ಯೆ ಬರುವಷ್ಟು ಕಾಲ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಇರುತ್ತದೆ. ಸಕ್ಕರೆ ಕಾಯಿಲೆಗೋ ಡಯಾಲಿಸಿಸ್‌ಗೋ ಇಎಸ್‌ಐ ನಂಬಿದ ಮನೆಗಳಿಗೆ ನಗದಿಗಿಂತ ಇದೇ ದೊಡ್ಡದು. ಆದರೆ ಮಾಲೀಕರ ರಿಟ್ರೆಂಚ್‌ಮೆಂಟ್ ಅಥವಾ ಮುಚ್ಚುವಿಕೆಯ ಕಾಗದ ಇಲ್ಲದೆ ಇದು ಸಿಗುವುದಿಲ್ಲ.

ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರ ಜುಲೈನಿಂದ ಇದೆ. ಇದರಲ್ಲಿ ಜೀವಮಾನಕ್ಕೆ 90 ದಿನ, ದಿನದ ಸರಾಸರಿ ಸಂಬಳದ ಅರ್ಧ. ಹಿಂದೆ ಕಾಲು ಭಾಗ ಇದ್ದದ್ದನ್ನು ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 24ರಿಂದ, ಅರ್ಧಕ್ಕೆ ಏರಿಸಿದರು. ಕಾಯುವ ಅವಧಿಯನ್ನು 90 ದಿನದಿಂದ 30ಕ್ಕೆ ಇಳಿಸಿದರು. ಸರಾಸರಿಯನ್ನು ಎರಡು ವರ್ಷದ ಗಳಿಕೆಯನ್ನು 730 ದಿನದಿಂದ ಭಾಗಿಸಿ ತೆಗೆಯುವುದರಿಂದ 13,000 ಸಂಬಳದವರಿಗೆ ದಿನಕ್ಕೆ ಸುಮಾರು 213 ರೂಪಾಯಿ, 90 ದಿನಕ್ಕೆ ಸುಮಾರು 19,200 ಆಗುತ್ತದೆ. ಎರಡು ವರ್ಷದ ವಿಮಾ ಉದ್ಯೋಗ ಬೇಕು. ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಇರಬೇಕು. ವಂತಿಗೆ ಅವಧಿ ಎಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಇಎಸ್‌ಐ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು, ಮಾಲೀಕರ ಕೈ ಕಾಯಬೇಕಿಲ್ಲ. ಕೆಲಸ ಹೋದ ಒಂದು ವರ್ಷದೊಳಗೆ ಹಾಕಬೇಕು. ದುರ್ನಡತೆಗಾಗಿ ವಜಾ ಆದವರಿಗೆ, ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಪಡೆದವರಿಗೆ ಇದಿಲ್ಲ. ರಾಜೀನಾಮೆ ಪತ್ರ ಇಲ್ಲೂ ತೊಡಕಾಗುವುದು ಆ ಕಾರಣಕ್ಕೆ. ಇದು ಶಾಶ್ವತ ಯೋಜನೆಯಲ್ಲ. ಎರಡೆರಡು ವರ್ಷಕ್ಕೆ ವಿಸ್ತರಿಸುತ್ತಾ ಬಂದಿದ್ದಾರೆ, 2024ರ ವಿಸ್ತರಣೆ 2026ರ ಜೂನ್ 30ರವರೆಗಿನದು. ಅರ್ಜಿಗೆ ಮುನ್ನ ಬ್ರಾಂಚ್ ಆಫೀಸಿನಲ್ಲಿ ಅವಧಿ ಕೇಳಿಕೊಳ್ಳಿ.

ಎರಡರಲ್ಲಿ ಯಾವುದು? ರಿಟ್ರೆಂಚ್‌ಮೆಂಟ್ ಕಾಗದ ಕೈಲಿದ್ದರೆ ಮೊದಲನೆಯದೇ ಸರಿ, ಮೊತ್ತ ಆರು ಪಟ್ಟು. ಕಾಗದ ಸಿಗದವರಿಗೆ, ಗುತ್ತಿಗೆ ಅವಧಿ ಮುಗಿದವರಿಗೆ, ಎರಡು–ಮೂರು ತಿಂಗಳಲ್ಲಿ ಬೇರೆ ಕೆಲಸ ಖಚಿತ ಇರುವವರಿಗೆ ಅಟಲ್ ಯೋಜನೆ ಹತ್ತಿರದ ದಾರಿ. ಒಂದೇ ಅವಧಿಗೆ ಎರಡನ್ನೂ ಪಡೆಯಲಾಗದು. ಗರ್ಭಿಣಿಯರು ಇವೆರಡಕ್ಕೂ ಮುಂಚೆ ಹೆರಿಗೆ ಸೌಲಭ್ಯ ಪರೀಕ್ಷಿಸಬೇಕು: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನ ವಂತಿಗೆ ಇದ್ದರೆ 26 ವಾರ ಪೂರ್ತಿ ಸಂಬಳದ ದರದಲ್ಲಿ ಬರುತ್ತದೆ, ಅದಕ್ಕೆ ಸಮನಾದದ್ದು ಬೇರೊಂದಿಲ್ಲ.

ಹತ್ತಕ್ಕಿಂತ ಕಡಿಮೆ ಜನರ ಘಟಕಗಳು ಇಎಸ್‌ಐ ಹೊರಗೇ ಉಳಿಯುತ್ತವೆ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಚೀನಾ ರೇಷ್ಮೆಯ ಎದುರು ನಿಲ್ಲಬೇಕಾದ ರಾಮನಗರ, ಶಿಡ್ಲಘಟ್ಟದ ಸಣ್ಣ ರೀಲಿಂಗ್ ಘಟಕಗಳ ಕಾರ್ಮಿಕರಿಗೆ ಈ ಯಾವ ಭತ್ಯೆಯ ಆಸರೆಯೂ ಇರಲಿಲ್ಲ. ಆ ಕೊರತೆ ಇಂದಿಗೂ ತುಂಬಿಲ್ಲ, ತುಂಬಲೇಬೇಕು.

ಪಿಎಫ್: ಕೊನೆಯ ಆಯ್ಕೆಯಾಗಿರಲಿ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದದ್ದು ಪಿಎಫ್‌ಗಾಗಿ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ವಾಪಸ್ ಪಡೆಯಬೇಕಾಯಿತು. ಕೆಲಸ ಹೋದಾಗ ಪಿಎಫ್ ಕೈಗೆ ಸಿಗಬೇಕೆಂಬ ಆ ಬೇಡಿಕೆ ನ್ಯಾಯವಾದದ್ದು. ಹಾಗೆಂದು ಸಿಕ್ಕ ಕೂಡಲೇ ಪೂರ್ತಿ ತೆಗೆಯುವುದು ಜಾಣತನವಲ್ಲ.

2025ರ ಅಕ್ಟೋಬರ್‌ನಲ್ಲಿ ಪಿಎಫ್ ನಡೆಸುವ ಸಂಸ್ಥೆಯಾದ ಇಪಿಎಫ್‌ಒದ ಕೇಂದ್ರ ಮಂಡಳಿ ತೀರ್ಮಾನಿಸಿದ ಪ್ರಕಾರ ಕೆಲಸ ಹೋದ ಕೂಡಲೇ ಶೇ 75 ತೆಗೆಯಬಹುದು, ಉಳಿದ ಶೇ 25ಕ್ಕೆ 12 ತಿಂಗಳು, ಪಿಂಚಣಿ ಹಣಕ್ಕೆ 36 ತಿಂಗಳು ಕಾಯಬೇಕು. ವೇಗದಲ್ಲಿ ಪಿಎಫ್‌ಗೆ ಸಾಟಿಯಿಲ್ಲ. ಅಪಾಯ ಪಿಂಚಣಿಯಲ್ಲಿದೆ: 10 ವರ್ಷ ಸೇವೆ ತುಂಬಿದರೆ 58ರ ಮೇಲೆ ಜೀವನವಿಡೀ ಪಿಂಚಣಿ ಬರುತ್ತದೆ. ಎಂಟು–ಒಂಬತ್ತು ವರ್ಷ ಆದವರು ಪಿಂಚಣಿ ಹಣ ತೆಗೆದರೆ ಆ ವರ್ಷಗಳು ಅಳಿಸಿಹೋಗುತ್ತವೆ, ಹೊಸ ಫ್ಯಾಕ್ಟರಿಯಲ್ಲಿ ಎಣಿಕೆ ಒಂದರಿಂದ ಶುರು. ಅಂಥವರು ಪಿಂಚಣಿ ಭಾಗವನ್ನು ಮುಟ್ಟದೆ, ಆದ ಸೇವೆಯ ವರ್ಷಗಳನ್ನು ಉಳಿಸಿಡುವ ಸ್ಕೀಮ್ ಸರ್ಟಿಫಿಕೇಟ್ ಪಡೆಯಲಿ. ತುರ್ತಿದ್ದರೆ ಪಿಎಫ್‌ನಲ್ಲಿ ಬೇಕಾದಷ್ಟನ್ನು ಮಾತ್ರ ತೆಗೆಯಲಿ. ತಿಂಗಳಿಗೆ ನೂರಕ್ಕೆ 3–5 ರೂಪಾಯಿ ಬಡ್ಡಿಯ ಕೈಸಾಲ ಇದ್ದರೆ ಮಾತ್ರ ಪಿಎಫ್ ತೆಗೆದು ಅದನ್ನು ತೀರಿಸುವುದು ಲಾಭ.

ಐದು ವರ್ಷದೊಳಗೆ 50,000ಕ್ಕಿಂತ ಹೆಚ್ಚು ತೆಗೆದರೆ ತೆರಿಗೆ ಕಡಿತವಾಗುತ್ತದೆ. ಮಾಲೀಕರು ವ್ಯವಹಾರ ಮುಚ್ಚಿದ್ದರಿಂದ ಅಥವಾ ಕಾರ್ಮಿಕರ ಕೈಮೀರಿದ ಕಾರಣದಿಂದ ಕೆಲಸ ಹೋಗಿದ್ದರೆ ಆ ತೆರಿಗೆ ಇಲ್ಲ. ರಾಜೀನಾಮೆ ಬರೆದವರಿಗೆ ಈ ರಿಯಾಯಿತಿಯ ದಾರಿಯೂ ಕಿರಿದು.

ಬಜೆಟ್ಟಿನ ಹಣದ ಯೋಜನೆಗಳು

ಗೃಹಲಕ್ಷ್ಮಿಯ 2,000 ರೂಪಾಯಿ ಮನೆ ಯಜಮಾನಿಗೆ ಬರುತ್ತದೆ, ಕೆಲಸ ಹೋದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಂತು ತಡವಾದದ್ದು ಎಲ್ಲರಿಗೂ ಗೊತ್ತು; ಬಾಡಿಗೆಯಂಥ ಗಡುವಿನ ಖರ್ಚನ್ನು ಅದರ ಮೇಲೆ ಕಟ್ಟಬೇಡಿ. ಊರಿಗೆ ಮರಳುವವರಿಗೆ ಉದ್ಯೋಗ ಖಾತ್ರಿ ಇದೆ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ 100 ದಿನವನ್ನು 125ಕ್ಕೆ ಏರಿಸಿದೆ, ಆದರೆ ವೆಚ್ಚದ ಶೇ 40 ರಾಜ್ಯದ ಮೇಲೆ ಬಿದ್ದಿದೆ. ರಾಜ್ಯದ ಬೊಕ್ಕಸ ಬಿಗಿಯಾದರೆ ಕೆಲಸ ಎಷ್ಟು ದಿನ ಸಿಕ್ಕೀತು ಎಂಬುದು ನನಗೆ ಆತಂಕದ ವಿಷಯ.

ಸ್ವಂತ ಟೈಲರಿಂಗ್ ಬಯಸುವವರು ಕೈಕಸುಬಿನವರಿಗಾಗಿ ಕೇಂದ್ರ ನಡೆಸುವ ಪಿಎಂ ವಿಶ್ವಕರ್ಮದ ಹೆಸರು ಕೇಳಿರುತ್ತೀರಿ: ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಆದರೆ ನೋಂದಣಿ ವೇಳೆ ನೀವು ಸ್ವಂತವಾಗಿ ದರ್ಜಿ ಕೆಲಸ ಮಾಡುತ್ತಿರಬೇಕು, ಫ್ಯಾಕ್ಟರಿ ನೌಕರಿಯಲ್ಲಿರುವಾಗ ಅರ್ಜಿ ಹಾಕಿದರೆ ತಿರಸ್ಕಾರ. ಒಂದು ಮನೆಗೆ ಒಬ್ಬರಿಗೆ ಮಾತ್ರ. ಇನ್ನೊಂದು ತೊಡಕು ಕೆಲಸದ್ದೇ: ಲೈನಿನಲ್ಲಿ ಹತ್ತು ವರ್ಷ ಬರೀ ಕಾಲರ್ ಅಥವಾ ಸೈಡ್ ಸೀಮ್ ಹೊಲಿದವರಿಗೆ ಪೂರ್ತಿ ಬ್ಲೌಸ್ ಕತ್ತರಿಸಿ ಹೊಲಿಯುವುದು ಹೊಸ ವಿದ್ಯೆ. ಹಾಗಾಗಿ ಸಾಲಕ್ಕೆ ಮುನ್ನ ಕಟಿಂಗ್ ಕಲಿಯಿರಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಮತ್ತು ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿಗಳಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತ. ರಾಜೀವ್ ಗಾಂಧಿ ಯೋಜನೆಯ ಭತ್ಯೆ ಬರುವ ತಿಂಗಳುಗಳನ್ನು ಈ ಕಲಿಕೆಗೆ ಬಳಸಿಕೊಂಡರೆ ಎರಡೂ ಒಂದಕ್ಕೊಂದು ಕೂಡಿಬರುತ್ತವೆ.

ಸಹಿ ಹಾಕಿಯಾಗಿದ್ದರೆ

ಒತ್ತಾಯದಿಂದ ರಾಜೀನಾಮೆ ಬರೆಸಿದ್ದರೆ ತಡಮಾಡದೆ, ಆದಷ್ಟು ಅದೇ ವಾರ, ‘ಇದು ನನ್ನ ಇಚ್ಛೆಯಿಂದ ಬರೆದದ್ದಲ್ಲ’ ಎಂದು ಕಂಪನಿಗೆ ಪತ್ರ ಬರೆದು, ಪ್ರತಿಯನ್ನು ಕಾರ್ಮಿಕ ಅಧಿಕಾರಿಗೆ ಕೊಡಿ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಉಳಿದವರಿಗೆ ಜಿಲ್ಲಾ ಕಾರ್ಮಿಕ ಕಚೇರಿ. ಒಬ್ಬರೇ ಹೋಗುವುದಕ್ಕಿಂತ ಒಂದೇ ಲೈನಿನ ಹತ್ತು ಜನ ಒಂದೇ ದಿನಾಂಕದ ಪತ್ರ ಕೊಟ್ಟರೆ ‘ಎಲ್ಲರೂ ಒಂದೇ ದಿನ ಸ್ವಇಚ್ಛೆಯಿಂದ ಬಿಟ್ಟರು’ ಎಂಬ ವಾದ ನಿಲ್ಲುವುದಿಲ್ಲ. ಕಾರ್ಮಿಕ ಸಂಘದ ನೆರವು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಂಧಾನಕ್ಕೆ ಅರ್ಜಿ ಹಾಕಿ 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನೇರ ನ್ಯಾಯಮಂಡಳಿಗೆ ಹೋಗಬಹುದು. ಕೆಲಸದಿಂದ ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು, ಹಿಂದೆ ಇದು ಮೂರು ವರ್ಷ ಇತ್ತು.

ಗೇಟು ದಾಟುವ ಮುನ್ನ ಇವು ಮೊಬೈಲಿನಲ್ಲಿ ಫೋಟೊ ಆಗಿರಲಿ: ನೇಮಕ ಪತ್ರ ಅಥವಾ ಗುರುತಿನ ಚೀಟಿ, ಕೊನೆಯ ಆರು ತಿಂಗಳ ಸಂಬಳ ಚೀಟಿ, ನೋಟಿಸ್ ಬೋರ್ಡಿಗೆ ಹಚ್ಚಿದ ಲೇ ಆಫ್ ಅಥವಾ ಮುಚ್ಚುವ ಸೂಚನೆ, ಸಹಿ ಮಾಡಿಸಿಕೊಂಡ ಪ್ರತಿಯೊಂದು ಹಾಳೆ. ಇಎಸ್‌ಐ ಮತ್ತು ಪಿಎಫ್ ಎರಡಕ್ಕೂ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಜೋಡಣೆಯಾಗಿ ಹೆಸರಿನ ಅಕ್ಷರಗಳು ಒಂದೇ ಆಗಿರಬೇಕು. ಹೆಸರು ಅಥವಾ ಹುಟ್ಟಿದ ದಿನಾಂಕ ತಿದ್ದಲು ಹಲವು ಸಲ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ಫ್ಯಾಕ್ಟರಿ ಬೀಗ ಹಾಕಿದ ಮೇಲೆ ಆ ಒಪ್ಪಿಗೆ ಕೊಡುವವರು ಸಿಗುವುದು ಕಷ್ಟ, ಆದ್ದರಿಂದ ಆರ್ಡರ್ ಕಡಿಮೆಯಾಗುವ ಸೂಚನೆ ಕಂಡ ವಾರವೇ ಈ ತಿದ್ದುಪಡಿ ಮಾಡಿಸಿಕೊಳ್ಳಿ.